ಕೊಳವಿರುವ ಮನೆಯ ಕ್ರಯ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟಿದ ಮನೆಯನ್ನು ಮಾರಿ ನೋಡು ಎಂಬ ಮೂರನೆಯ ಮಾತನ್ನು ಸೇರಿಸದೆ ಬಿಟ್ಟರು. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ಮನೆತನ ಮುಳುಗಿತೆಂದೇ ಅರ್ಥವಾಗಿದ್ದಿತು. ಆ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಈಗ ಹಾಗಲ್ಲ. ಮಕ್ಕಳು ಕಡಲಾಚೆ ನೆಲಸುತ್ತಾರೆ. ಮಹಡಿ ಹತ್ತಲು ಮೊಣಕಾಲುಗಳು ಒಪ್ಪುವುದಿಲ್ಲ. ಗುಡಿಸಿ ಸಾರಿಸಲು ಆಳು ಸಿಕ್ಕುವುದಿಲ್ಲ. ಆಗ ಗೃಹಸ್ಥನು ತಾನು ಮೂವತ್ತು ನಲವತ್ತು ವರ್ಷ ಬಾಳಿದ ಮನೆಯನ್ನು ಮೊದಲ ಬಾರಿಗೆ ಹೊರಗಿನವನ ಕಣ್ಣಿನಿಂದ ನೋಡಲು ಕಲಿಯಬೇಕಾಗುತ್ತದೆ. ಅದು ಅಷ್ಟು ಸುಲಭದ ವಿದ್ಯೆಯಲ್ಲ.

ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಅರವತ್ತು ತೊಂಬತ್ತರ ನಿವೇಶನ. ಅದರಲ್ಲಿ 1987ರಲ್ಲಿ ಕಟ್ಟಿದ ಮನೆ. ಮುಂದೆ ಎರಡು ತೆಂಗು, ಒಂದು ಸಂಪಿಗೆ. ಹಿತ್ತಲಿನಲ್ಲಿ, ಸಾಮಾನ್ಯರ ಮನೆಗಳಲ್ಲಿ ಬಟ್ಟೆ ಒಗೆಯುವ ಕಲ್ಲೂ ಕರಿಬೇವಿನ ಗಿಡವೂ ಇರುವ ಜಾಗದಲ್ಲಿ, ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಈಜುಕೊಳ. ಒಂದು ತುದಿಯಲ್ಲಿ ಮೂರಡಿ ಆಳ, ಇನ್ನೊಂದು ತುದಿಯಲ್ಲಿ ಐದಡಿ. ಮನೆಯ ಯಜಮಾನರು ಸರಕಾರದ ಇಂಜಿನಿಯರಾಗಿದ್ದು ನಿವೃತ್ತರಾದವರು. ಕೊಳವನ್ನು 1996ರಲ್ಲಿ ತಾವೇ ನಿಂತು ಕಟ್ಟಿಸಿದರು. ನೆರೆಯವರು ಇದನ್ನು ಕಂಡು, ಲಂಚದ ಹಣವಿರಬೇಕೆಂದು ಒಂದು ವರ್ಷ ಆಡಿಕೊಂಡರು. ತಮ್ಮ ಮಕ್ಕಳೂ ಅಲ್ಲಿಯೇ ಈಜು ಕಲಿತ ಮೇಲೆ ಸುಮ್ಮನಾದರು.

2024ರ ಜನವರಿಯಲ್ಲಿ ಮನೆಯನ್ನು ಮಾರಿ, ಮೈಸೂರಿನಲ್ಲಿ ಮಗಳ ಮನೆಯ ಹತ್ತಿರ ಚಿಕ್ಕದೊಂದು ಮನೆ ಕೊಳ್ಳುವುದೆಂದು ದಂಪತಿಗಳು ನಿಶ್ಚಯಿಸಿದರು. ಯಜಮಾನರು ಒಂದು ಹಾಳೆಯ ಮೇಲೆ ಲೆಕ್ಕ ಬರೆದರು: ನೆಲಕ್ಕೆ ಇಷ್ಟು, ಕಟ್ಟಡಕ್ಕೆ ಇಷ್ಟು, ತೇಗದ ಬಾಗಿಲುಗಳಿಗೆ ಇಷ್ಟು, ಈಜುಕೊಳಕ್ಕೆ ಇಷ್ಟು. ಕೊನೆಯ ಅಂಕಿಯನ್ನು ಬರೆಯುವಾಗ ಅವರ ಕೈ ಸ್ವಲ್ಪವೂ ಹಿಂಜರಿಯಲಿಲ್ಲ. ದಳ್ಳಾಳಿ ಬಂದನು. ಹಾಳೆಯನ್ನು ವಿನಯದಿಂದ ಓದಿ, ವಿನಯದಿಂದಲೇ ಮಡಿಸಿ ಮೇಜಿನ ಮೇಲಿಟ್ಟನು.

“ಸಾರ್, ತಪ್ಪು ತಿಳ್ಕೋಬೇಡಿ. ಈ ಏರಿಯಾದಲ್ಲಿ ಮನೆಗೆ ರೇಟಿಲ್ಲ, ಸೈಟಿಗೆ ರೇಟು. ಬಾಗಿಲು, ಮಹಡಿ ಇವೆಲ್ಲ ಲೆಕ್ಕಕ್ಕೆ ಬರೋಲ್ಲ. ಇನ್ನು ಈ ಗುಂಡಿ...”

“ಗುಂಡಿಯಲ್ಲಪ್ಪ, ಕೊಳ.”

“ಕೊಳಾನೇ ಸಾರ್. ಅದನ್ನು ಮುಚ್ಚೋ ಖರ್ಚನ್ನು ತೆಗೆದುಕೊಳ್ಳೋವ್ರು ನಿಮ್ಮ ರೇಟಿನಲ್ಲೇ ಹಿಡಿದುಕೊಳ್ತಾರೆ.”

ದಳ್ಳಾಳಿಯ ಮಾತು ಕಟುವಾಗಿದ್ದರೂ ಅದರಲ್ಲಿ ಅಪ್ರಾಮಾಣಿಕತೆ ಇರಲಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನೆಲದ ಬೆಲೆ ಕಟ್ಟಡದ ಬೆಲೆಯನ್ನು ಎಂದೋ ನುಂಗಿ ಕುಳಿತಿದೆ. ಕೊಳ್ಳುವವರಲ್ಲಿ ಬಹುಮಂದಿ ಮನೆಯನ್ನು ಕೊಳ್ಳುವುದು ವಾಸಕ್ಕಲ್ಲ, ಕೆಡವುವುದಕ್ಕೆ. ಕೆಡವಲಿರುವ ಮನೆಯಲ್ಲಿ ತೇಗವೇನು, ಬೇವೇನು? ವಸ್ತುವಿಗೆ ತಗುಲಿದ ವೆಚ್ಚವೇ ಬೇರೆ, ಆ ವಸ್ತು ಒಟ್ಟು ಬೆಲೆಗೆ ಸೇರಿಸುವ ಮೌಲ್ಯವೇ ಬೇರೆ ಎಂಬುದು ಆಸ್ತಿಯ ಬೆಲೆ ಕಟ್ಟುವವರ ಮೊದಲನೆಯ ಪಾಠ. ಮಾಡಿದ ಖರ್ಚು ಮಾಡಿದವನ ನೆನಪು. ಕೊಳ್ಳುವವನಿಗೆ ಆ ನೆನಪಿನಲ್ಲಿ ಪಾಲಿಲ್ಲ.

ತೆರಿಗೆಯ ಲೆಕ್ಕದಲ್ಲಾದರೂ ಕೊಳ ಉಪಯೋಗಕ್ಕೆ ಬಂದೀತೆಂದು ಯಜಮಾನರು ಇಪ್ಪತ್ತೆಂಟು ವರ್ಷಗಳಿಂದ ಜೋಪಾನ ಮಾಡಿದ್ದ ಸಿಮೆಂಟಿನ, ಹೆಂಚಿನ, ಪಂಪಿನ ರಸೀತಿಗಳನ್ನು ಲೆಕ್ಕಪರಿಶೋಧಕರ ಮುಂದೆ ಹರಡಿದರು. 2001ರ ಏಪ್ರಿಲ್ ಒಂದಕ್ಕೆ ಮುಂಚೆ ಮಾಡಿದ ಅಭಿವೃದ್ಧಿಯ ವೆಚ್ಚ ಲೆಕ್ಕಕ್ಕೆ ಬರುವುದಿಲ್ಲ, ಆ ದಿನಕ್ಕೆ ಆಸ್ತಿಯ ಮಾರುಕಟ್ಟೆಯ ಬೆಲೆ ಎಷ್ಟಿದ್ದಿತೋ ಅದನ್ನೇ ಮೂಲವಾಗಿ ಹಿಡಿಯಬಹುದು ಎಂದು ಅವರು ತಿಳಿಸಿದರು. ರಸೀತಿಗಳು ಮತ್ತೆ ತಗಡಿನ ಡಬ್ಬಿಯನ್ನು ಸೇರಿದವು.

ಆ ವಾರ ಮಗನು ದೂರವಾಣಿಯಲ್ಲಿ ಮಾತನಾಡಿದಾಗ ತಂದೆಗೆ ಬೇರೊಂದು ಲೋಕದ ಸುದ್ದಿ ಕೇಳಿಸಿತು. ಮಗನಿರುವುದು ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ, ಫೀನಿಕ್ಸ್ ನಗರದ ಹತ್ತಿರ. ಅಲ್ಲಿ 2023ರ ಬೇಸಿಗೆಯಲ್ಲಿ ಸತತವಾಗಿ 31 ದಿನ ಉಷ್ಣತೆ 43 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದ್ದಿತು. “ಇಲ್ಲಿ ನಮ್ಮ ಬೀದಿಯಲ್ಲಿ ಕೊಳವಿಲ್ಲದ ಮನೆಯೇ ಇಲ್ಲ ಅಪ್ಪ. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳ್ತಾರೆ” ಎಂದನು ಮಗ. ತಂದೆ ಆ ಮಾತನ್ನು ಪತ್ನಿಗೆ ಎರಡು ಸಲ ಹೇಳಿದರು.

ಅಮೆರಿಕದಲ್ಲಿ ಈ ಪ್ರಶ್ನೆಗೆ ಒಂದು ಚರಿತ್ರೆಯೇ ಉಂಟು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮನೆಯ ಹಿತ್ತಲಿನ ಕೊಳವೆಂದರೆ ಕೋಟ್ಯಧೀಶರ, ಸಿನಿಮಾ ತಾರೆಯರ ಸೊತ್ತು. ಕಾಂಕ್ರೀಟನ್ನು ಕೊಳವೆಯಿಂದ ರಭಸವಾಗಿ ಚಿಮ್ಮಿಸಿ ಗೋಡೆಗೆ ಮೆತ್ತುವ ವಿಧಾನ ಬಳಕೆಗೆ ಬಂದಂತೆ ಖರ್ಚು ಇಳಿಯಿತು. ಯುದ್ಧಾನಂತರ ಕ್ಯಾಲಿಫೋರ್ನಿಯ, ಫ್ಲಾರಿಡಗಳ ಉಪನಗರಗಳಲ್ಲಿ ಸಾಧಾರಣ ಗುಮಾಸ್ತನೂ ಕೊಳದ ಆಸೆಪಡುವಂತಾಯಿತು. ಇಂದು ಅಲ್ಲಿ ಬ್ಯಾಂಕಿಗಾಗಿ ಮನೆಯ ಬೆಲೆ ಕಟ್ಟುವವರು ತುಂಬುವ ನಮೂನೆಯಲ್ಲಿ ಅಗ್ಗಿಷ್ಟಿಕೆ, ಜಗುಲಿ, ಬೇಲಿಗಳ ಜತೆಗೆ ಈಜುಕೊಳಕ್ಕೂ ಒಂದು ಸ್ಥಾನವಿದೆ. ಅವರು ಬೆಲೆ ಕಟ್ಟುವ ರೀತಿ ಸರಳವಾದುದು: ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಎರಡು ಮನೆಗಳು, ಒಂದರಲ್ಲಿ ಕೊಳವುಂಟು, ಮತ್ತೊಂದರಲ್ಲಿ ಇಲ್ಲ; ಎರಡೂ ಮಾರಾಟವಾದವು; ಬಂದ ಹಣದ ವ್ಯತ್ಯಾಸವೇ ಕೊಳದ ಬೆಲೆ. ಹೀಗೆ ನೋಡಿದಾಗ ಕಟ್ಟಿಸಲು ತಗುಲಿದ ಹಣ ಪೂರ್ತಿಯಾಗಿ ಹಿಂದಿರುಗುವುದು ಅಪರೂಪವೆಂದು ಅಲ್ಲಿನವರೇ ಒಪ್ಪುತ್ತಾರೆ. ಸುಡುಬಿಸಿಲಿನ ಫೀನಿಕ್ಸಿನಲ್ಲಿ ಕೊಳ ಮನೆಯ ಒಂದು ಅಂಗ; ವರ್ಷದಲ್ಲಿ ಮೂರು ತಿಂಗಳು ಮಾತ್ರ ನೀರಿಗಿಳಿಯಬಹುದಾದ ಉತ್ತರದ ಮಿನೆಸೋಟದಲ್ಲಿ ಅದೇ ಕೊಳ ಮಂಜಿನಡಿ ಮಲಗಿದ ಹೊರೆ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಮರಣಕ್ಕೆ ನೀರಿನಲ್ಲಿ ಮುಳುಗುವುದೇ ಎಲ್ಲಕ್ಕಿಂತ ದೊಡ್ಡ ಕಾರಣ. ಆ ವಯಸ್ಸಿನವರು ಹೆಚ್ಚಾಗಿ ಮುಳುಗುವುದು ಸಮುದ್ರದಲ್ಲಲ್ಲ, ಮನೆಯ ಹಿತ್ತಲಿನ ಕೊಳದಲ್ಲಿ. ಮಕ್ಕಳನ್ನು ತಾನಾಗಿ ಸೆಳೆಯುವ ಅಪಾಯವೆಂದು ಅಲ್ಲಿನ ನ್ಯಾಯಶಾಸ್ತ್ರ ಇದನ್ನು ಗುರುತಿಸಿದೆ. ಹೇಳದೆ ಕೇಳದೆ ಒಳನುಗ್ಗಿದ ನೆರೆಮನೆಯ ಮಗುವಿಗೆ ಕೇಡಾದರೂ ಮನೆಯೊಡೆಯನೇ ಹೊಣೆಯಾಗಬಹುದು. ಆದುದರಿಂದಲೇ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ವಿಮೆ ಇವುಗಳ ಗೊಂದಲ. ಚಿಕ್ಕ ಮಕ್ಕಳ ತಾಯಿ ಕೊಳವಿರುವ ಮನೆಯ ಹಿತ್ತಲಿಗೆ ಕಾಲಿಟ್ಟಾಗ ಅವಳ ಕಣ್ಣಿಗೆ ನೀಲಿ ನೀರು ಕಾಣುವುದಿಲ್ಲ.

ಬೆಂಗಳೂರಿನ ಈ ಮನೆಯಲ್ಲಿಯೂ ಹಾಗೆಯೇ ಆಯಿತು. ಫೆಬ್ರವರಿಯಲ್ಲಿ ಬಂದ ಮೊದಲ ಗಿರಾಕಿಗಳು ಯುವ ದಂಪತಿಗಳು. ಎರಡು ವರ್ಷದ ಗಂಡುಮಗು ತಾಯಿಯ ಕಂಕುಳಲ್ಲಿ. ವಾಸಕ್ಕೆಂದೇ ಮನೆ ಹುಡುಕುತ್ತಿದ್ದ ಅಪರೂಪದವರು. ನಡುಮನೆ ಒಪ್ಪಿತು, ದೇವರಮನೆ ಒಪ್ಪಿತು, ಸಂಪಿಗೆಯ ಮರವಂತೂ ಬಹಳ ಒಪ್ಪಿತು. ಹಿತ್ತಲಿನ ಬಾಗಿಲು ತೆರೆದೊಡನೆ ಮಗು “ನೀನೀ” ಎಂದು ನೀರಿನ ಕಡೆಗೆ ಎರಡೂ ಕೈಗಳನ್ನು ಚಾಚಿತು. ತಾಯಿ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡು ಒಳಕ್ಕೆ ಬಂದಳು. ಕಾಫಿ ಕುಡಿದು, ಸಂಜೆ ಫೋನು ಮಾಡುವುದಾಗಿ ಹೇಳಿ ಹೋದರು. ಸಂಜೆಗಳು ಎಷ್ಟೋ ಬಂದು ಹೋದವು.

“ಮುಚ್ಚಿಸಿಬಿಡೋಣ” ಎಂದರು ಮನೆಯಾಕೆ ಅಂದು ರಾತ್ರಿ.

ಯಜಮಾನರು ಉತ್ತರ ಕೊಡಲಿಲ್ಲ. ಆಕೆಗೂ ಉತ್ತರ ಬೇಕಿರಲಿಲ್ಲ, ಕಾರಣ ಗೊತ್ತಿದ್ದಿತು. ತೀರ್ಥಹಳ್ಳಿಯ ಹತ್ತಿರ ತುಂಗೆಯ ದಂಡೆಯ ಊರು ಯಜಮಾನರದು. 1962ರ ಮಳೆಗಾಲದಲ್ಲಿ, ಅವರಿಗೆ ಹನ್ನೆರಡು ವರ್ಷವಾಗಿದ್ದಾಗ, ಒಂಬತ್ತು ವರ್ಷದ ತಮ್ಮ ಹೊಳೆಯ ಪಾಲಾದನು. ಅಣ್ಣನು ದಡದಲ್ಲಿಯೇ ಇದ್ದನು, ಈಜು ಬಾರದು. ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿದ್ದು ಬಿಟ್ಟರೆ ಮತ್ತೆ ಅವರು ಆ ವಿಷಯವನ್ನು ಎತ್ತಿದವರಲ್ಲ. ಮಗನಿಗೆ ಹನ್ನೊಂದು, ಮಗಳಿಗೆ ಎಂಟು ವರ್ಷವಾದಾಗ, ಭವಿಷ್ಯನಿಧಿಯಿಂದ ಸಾಲ ತೆಗೆದು ಗುಂಡಿ ತೋಡಿಸಿದರು. ನಲವತ್ತಾರನೆಯ ವಯಸ್ಸಿನಲ್ಲಿ, ಮಕ್ಕಳ ಜತೆಯಲ್ಲಿ, ಗಾಳಿ ತುಂಬಿದ ರಬ್ಬರಿನ ಟ್ಯೂಬು ಹಿಡಿದು ತಾವೂ ಈಜು ಕಲಿತರು. ಹಾಳೆಯ ಮೇಲೆ ಕೊಳಕ್ಕೆ ಬರೆದ ಅಂಕಿಯಲ್ಲಿ ಇದೆಲ್ಲವೂ ಸೇರಿದ್ದಿರಬೇಕು. ದಳ್ಳಾಳಿಗೆ ಅದು ಕಾಣಿಸದುದು ಅವನ ತಪ್ಪಲ್ಲ.

ಅಷ್ಟರಲ್ಲಿ ಬೇಸಿಗೆ ಬಂದಿತು. 2024ರ ಆ ಬೇಸಿಗೆಯನ್ನು ಬೆಂಗಳೂರಿನವರು ಸುಲಭವಾಗಿ ಮರೆಯಲಾರರು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ನೀರು ತರಿಸಿಕೊಂಡ ನಗರ, ಬೆಳೆದಂತೆಲ್ಲ ನೆಲವನ್ನು ಕೊರೆದು ಕುಡಿಯಿತು. ನಗರದ ಸರಕಾರಿ ಕೊಳವೆಬಾವಿಗಳೇ ಸಾವಿರಗಟ್ಟಲೆ ಬತ್ತಿಹೋದವು. ಮಾರ್ಚಿಯಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನೂ ತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ಬೆನ್ನಲ್ಲೇ ಈಜುಕೊಳಗಳಿಗೂ ಕುಡಿಯುವ ನೀರನ್ನು ತುಂಬಕೂಡದೆಂದು ಆಜ್ಞೆಯಾಯಿತು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ ಸಾವಿರ ರೂಪಾಯಿ ಎಂದು ಜಿಲ್ಲಾಡಳಿತ ದರ ಗೊತ್ತುಮಾಡಿತು. ಆ ದರಕ್ಕೆ ಟ್ಯಾಂಕರು ಸಿಕ್ಕಿದವರು ಪುಣ್ಯವಂತರು.

ಇಂಥ ಹೊತ್ತಿನಲ್ಲಿ ಈಜುಕೊಳವಿರುವ ಮನೆ ಎಂದು ಜಾಹೀರಾತು ಕೊಡುವುದು ಬರಗಾಲದಲ್ಲಿ ಸಂತರ್ಪಣೆಯ ಊಟವನ್ನು ವರ್ಣಿಸಿದಂತೆ. ದಳ್ಳಾಳಿ ಆ ಪದವನ್ನೇ ಕೈಬಿಟ್ಟನು. ಇತರ ಊರುಗಳಿಗೂ ಈ ಮುಜುಗರ ಹೊಸತಲ್ಲ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ 2018ರಲ್ಲಿ ತಲೆಗೆ ದಿನಕ್ಕೆ 50 ಲೀಟರಿನ ಮಿತಿ ಹಾಕಿದಾಗ ಈಜುಕೊಳಗಳಿಗೆ ನಗರದ ನೀರನ್ನು ಪೂರ್ತಿಯಾಗಿ ನಿಲ್ಲಿಸಿದರು. ಕ್ಯಾಲಿಫೋರ್ನಿಯದಲ್ಲಿ 1976–77ರ ಕ್ಷಾಮದಲ್ಲಿ ಬರಿದಾದ ಕೊಳಗಳಿಗೆ ಹುಡುಗರು ಗೋಡೆ ಹಾರಿ ಇಳಿದು, ಅವುಗಳ ಬಾಗಿದ ಗೋಡೆಗಳ ಮೇಲೆ ಗಾಲಿಹಲಗೆ ಓಡಿಸಿ ಹೊಸದೊಂದು ಆಟವನ್ನೇ ಬೆಳೆಸಿದರು. ನೀರಿಲ್ಲದ ಕೊಳಕ್ಕೂ ಒಂದು ಉಪಯೋಗವುಂಟೆಂದು ಕಂಡುಹಿಡಿಯಲು ಮಕ್ಕಳೇ ಬೇಕಾಯಿತು.

ಯಜಮಾನರ ಕೊಳ ಇನ್ನೂ ತುಂಬಿಯೇ ಇದ್ದಿತು. ಆ ಬೇಸಿಗೆಯಲ್ಲಿ ಅವರದೇ ಕೊಳವೆಬಾವಿ ಬತ್ತಿತು. ಬೀದಿಯಲ್ಲಿ ನಾಲ್ಕು ಮನೆಗಳ ಶೌಚಾಲಯಗಳಿಗೆ ನೀರಿಲ್ಲದಾಗ, ಔಷಧಿ ಬೆರೆತ ನೀರು ಕುಡಿಯಲು ಬಾರದಿದ್ದರೂ ಅಷ್ಟಕ್ಕೆ ಆದೀತೆಂದು, ಉದ್ದನೆಯ ರಬ್ಬರ್ ಕೊಳವೆ ಜೋಡಿಸಿ ಕೊಟ್ಟರು. ಒಂದೊಂದು ಮೆಟ್ಟಿಲಾಗಿ ನೀರು ಕೆಳಗಿಳಿದು, ಹದಿನೈದು ದಿನಗಳಲ್ಲಿ ತಳದ ನೀಲಿ ಹೆಂಚು ಕಂಡಿತು. ಇಪ್ಪತ್ತೆಂಟು ವರ್ಷಗಳಲ್ಲಿ, ತೊಳೆಯಲೆಂದಲ್ಲದೆ, ಕೊಳ ಬರಿದಾದುದು ಅದೇ ಮೊದಲು.

ಏಪ್ರಿಲಿನಲ್ಲಿ ಬಂದ ಎರಡನೆಯ ಗಿರಾಕಿ ಅಪಾರ್ಟ್‌ಮೆಂಟುಗಳನ್ನು ಕಟ್ಟುವವನು. ಅವನು ಮನೆಯೊಳಕ್ಕೆ ಬರಲೇ ಇಲ್ಲ. ಕಾಂಪೌಂಡನ್ನು ಒಂದು ಸುತ್ತು ಹಾಕಿ, ಬರಿದಾದ ಕೊಳದ ಅಂಚಿನಲ್ಲಿ ನಿಂತು, “ಒಳ್ಳೇದೇ ಆಯ್ತು, ನೆಲಮಾಳಿಗೆಗೆ ಇಷ್ಟು ಅಗೆಯೋದು ಉಳೀತು” ಎಂದನು. ಒಂದು ವರ್ಷದಲ್ಲಿ ಆ ಕೊಳದ ಬಗ್ಗೆ ಹೊರಗಿನವರ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು. ಅವನು ಕಟ್ಟಲಿದ್ದ ಕಟ್ಟಡದ ಚಿತ್ರಪಟದಲ್ಲಿ, ವಿನೋದವೆಂದರೆ, ತಾರಸಿಯ ಮೇಲೆ ಒಂದು ಈಜುಕೊಳವಿದ್ದಿತು! ಅಪಾರ್ಟ್‌ಮೆಂಟುಗಳ ನ್ಯಾಯವೇ ಬೇರೆ. ಅಲ್ಲಿ ಕೊಳದ ಖರ್ಚು ನೂರು ಮನೆಗಳಿಗೆ ಹಂಚಿಹೋಗುತ್ತದೆ. ಕೊಳ್ಳುವಾಗ ಎಲ್ಲರೂ ಅದನ್ನು ಕೇಳುತ್ತಾರೆ, ಕೊಂಡ ಮೇಲೆ ಹತ್ತು ಮನೆಯ ಮಕ್ಕಳು ಇಳಿಯುತ್ತಾರೆ, ಮಿಕ್ಕವರು ತಿಂಗಳ ನಿರ್ವಹಣೆಯ ಹಣ ಕೊಡುವಾಗ ಗೊಣಗುತ್ತಾರೆ.

ಬಿಲ್ಡರ್ ಹೇಳಿದ ಬೆಲೆ ಚೆನ್ನಾಗಿಯೇ ಇದ್ದಿತು. ಮನೆಯಾಕೆ ಒಪ್ಪಿಗೆಯ ಕಡೆಗೆ ವಾಲಿದರು. ಯಜಮಾನರು ಆಲೋಚಿಸಿ ಹೇಳುವುದಾಗಿ ತಿಳಿಸಿ, ಆಲೋಚಿಸುವ ಬದಲು ಮಾಳಿಗೆ ಹತ್ತಿದರು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಏಣಿ ಹತ್ತುವುದು ಬೇಡವೆಂದು ಆಕೆ ಕೂಗಿದರೂ ಕೇಳಲಿಲ್ಲ. ಮೇ ತಿಂಗಳಲ್ಲಿ ಕೊಳಾಯಿಯವನನ್ನು ಕರೆಸಿ, ಚರಂಡಿಗೆ ಹೋಗುತ್ತಿದ್ದ ತಾರಸಿಯ ಮಳೆನೀರಿನ ಕೊಳವೆಗಳನ್ನೆಲ್ಲ ಹಿತ್ತಲಿಗೆ ತಿರುಗಿಸಿ, ಮರಳು ಜಲ್ಲಿಗಳ ಒಂದು ಸೋಸುತೊಟ್ಟಿಯ ಮೂಲಕ ಕೊಳಕ್ಕೆ ಬಿಡಿಸಿದರು. ಇಂಜಿನಿಯರರಲ್ಲವೆ, ಲೆಕ್ಕ ಮೊದಲೇ ಬರೆದಿಟ್ಟಿದ್ದರು. ತಾರಸಿ 1,600 ಚದರಡಿ. ಬೆಂಗಳೂರಿನ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ ಒಂದು ಲಕ್ಷ ಹದಿನೈದು ಸಾವಿರ ಲೀಟರ್ ನೀರು. ಕೊಳವನ್ನು ಐದು ಬಾರಿ ತುಂಬಬಹುದು. ತೆರೆದ ನೀರು ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಆರಿದರೆ ಇನ್ನೂರು ಚದರಡಿಯಲ್ಲಿ ತೊಂಬತ್ತು ಲೀಟರಿಗೂ ಹೆಚ್ಚು ನಷ್ಟ. ಆದುದರಿಂದ ಮುಚ್ಚಳ ಬೇಕು ಎಂದು ಕೆಳಗೆ ಗೆರೆ ಎಳೆದಿದ್ದರು.

2024ರ ಜೂನ್ 2, ಭಾನುವಾರ. ಆ ದಿನ ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದೇ ದಿನದಲ್ಲಿ ಅಷ್ಟು ಮಳೆಯಾದುದು ನೂರಮೂವತ್ತಮೂರು ವರ್ಷಗಳಲ್ಲಿ ಅದೇ ಮೊದಲು. 1891ರ ದಾಖಲೆ ಮುರಿಯಿತು. ಮರಗಳು ಬಿದ್ದವು, ರಸ್ತೆಗಳು ಹೊಳೆಗಳಾದವು. ಯಜಮಾನರು ಕೊಡೆ ಹಿಡಿದು ಹಿತ್ತಲಿನಲ್ಲಿ ನಿಂತಿದ್ದರು. ಬೆಳಗಾಗುವ ವೇಳೆಗೆ ಕೊಳದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ನಿಂತಿದ್ದಿತು. ಒಂದು ಸಂಪಿಗೆಯ ಎಲೆ ಅದರ ಮೇಲೆ ತೇಲುತ್ತಿದ್ದಿತು.

ಹಿಂದೆ ಬೆಂಗಳೂರು ಮೈಸೂರುಗಳಲ್ಲಿ ಮನೆ ಕೊಳ್ಳಲು ಬಂದವರು ಮೊದಲು ಕೇಳುತ್ತಿದ್ದುದು ಬಾವಿಯ ಮಾತನ್ನು: ಸಿಹಿನೀರೋ, ಸಪ್ಪೆಯೋ, ಬೇಸಿಗೆಯಲ್ಲಿ ಎಷ್ಟು ಹಗ್ಗ ಬೇಕು? ನಲ್ಲಿ ಬಂದಿತು, ಬಾವಿಗೆ ಕಸ ಬಿದ್ದಿತು, ಪ್ರಶ್ನೆ ಮರೆತುಹೋಯಿತು. ಆಗಸ್ಟಿನಲ್ಲಿ ಮನೆ ನೋಡಲು ಬಂದ ಮಹಿಳೆ ಆ ಮರೆತ ಪ್ರಶ್ನೆಯನ್ನೇ ಬೇರೆ ರೂಪದಲ್ಲಿ ಕೇಳಿದಳು. ಅವಳೂ ಅವಳ ಪತಿಯೂ ಹತ್ತು ವರ್ಷ ಚೆನ್ನೈಯಲ್ಲಿದ್ದು ಊರಿಗೆ ಮರಳುತ್ತಿದ್ದವರು. 2019ರ ಬೇಸಿಗೆಯಲ್ಲಿ ಆ ನಗರದ ನಾಲ್ಕು ದೊಡ್ಡ ಜಲಾಶಯಗಳೂ ಬರಿದಾಗಿ, ಜುಲೈಯಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸಿದ ದಿನಗಳನ್ನು ಕಂಡವರು. ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವಳು ಹಿತ್ತಲಿನಲ್ಲಿ ನೀರು ಕಂಡರೆ ಮೊದಲು ಕೇಳುವುದೇನು?

“ಇದರಲ್ಲಿ ಎಷ್ಟು ಲೀಟರ್ ಹಿಡಿಯುತ್ತೆ, ಮಾವ?”

ಪರಿಚಯವಿಲ್ಲದ ಹೆಣ್ಣುಮಗಳು ಮಾವ ಎಂದುದಕ್ಕೋ, ಪ್ರಶ್ನೆಗೋ, ಯಜಮಾನರು ಒಂದು ಕ್ಷಣ ತಬ್ಬಿಬ್ಬಾದರು. ಬಳಿಕ ಒಳಗಿನಿಂದ ಹಳೆಯ ನೋಟುಪುಸ್ತಕವನ್ನು ತಂದರು. ಇಪ್ಪತ್ತೆರಡು ಸಾವಿರದ ಆರುನೂರು ಲೀಟರ್. ಎರಡು ದೊಡ್ಡ ಟ್ಯಾಂಕರಿಗೆ ತುಸು ಕಡಮೆ. ಸೋಸುತೊಟ್ಟಿಯನ್ನು ತೋರಿಸಿದರು. ಕೊಳವೆಗಳನ್ನು ತೋರಿಸಿದರು. ಅವಳು ಎಲ್ಲವನ್ನೂ ಕೇಳಿ, “ಮೇಲೆ ಕಬ್ಬಿಣದ ಜಾಲರಿ ಹಾಕಿಸಬೇಕು, ನಮ್ಮ ಚಿಕ್ಕವನಿಗೆ ನಾಲ್ಕು ವರ್ಷ” ಎಂದಳು. ಹಾಕಿಸುವುದು ತಮ್ಮ ಹೊಣೆ ಎಂದರು ಯಜಮಾನರು, ಪತ್ನಿಯ ಮುಖವನ್ನು ನೋಡದೆ.

ಚೌಕಾಸಿ ಮೂರು ವಾರ ನಡೆಯಿತು. ಅವರು ಕೊಟ್ಟುದು ನಿವೇಶನದ ದರವನ್ನೇ. ಕೊಳಕ್ಕೆಂದು ಒಂದು ರೂಪಾಯಿಯನ್ನೂ ಸೇರಿಸಲಿಲ್ಲ. ಆದರೆ ಮುಚ್ಚುವ ಖರ್ಚೆಂದು ಒಂದು ರೂಪಾಯಿಯನ್ನೂ ಕಳೆಯಲಿಲ್ಲ, ಮನೆಯನ್ನು ಕೆಡವುವ ಮಾತನ್ನೂ ಆಡಲಿಲ್ಲ. ಬಿಲ್ಡರ್ ಹೇಳಿದ ಬೆಲೆಗಿಂತ ಇದು ಸ್ವಲ್ಪ ಕಡಮೆಯೇ ಆಯಿತು. ಎಷ್ಟು ಕಡಮೆ ಎಂಬುದನ್ನು ಮನೆಯಾಕೆ ಮಗಳಿಗೆ ಹೇಳಿದರು, ಮಗನಿಗೆ ಹೇಳಲಿಲ್ಲ.

ಕ್ರಯಪತ್ರ ಬರೆಯುವವನು ಹಳೆಯ ಪತ್ರವನ್ನು ಮುಂದಿಟ್ಟುಕೊಂಡು ಷೆಡ್ಯೂಲನ್ನು ಓದಿದನು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು, ಇಷ್ಟು ಚದರಡಿಯ ಕಟ್ಟಡ, ತೆಂಗಿನ ಮರ ಎರಡು. ಕೊಳದ ಹೆಸರೇ ಇರಲಿಲ್ಲ.

“ಅದನ್ನೂ ಬರೀರಿ” ಎಂದರು ಮನೆಯಾಕೆ.

“ಏನಂತ ಬರೀಲಿ ಅಮ್ಮ? ಸ್ವಿಮ್ಮಿಂಗ್ ಪೂಲ್ ಅಂತಲೇ?”

ಆಕೆ ಪತಿಯ ಕಡೆ ನೋಡಿದರು. ಯಜಮಾನರು ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪತ್ರದವನು ಕಾದು ನೋಡಿ, ಮೇಲಿನಿಂದ ಕಬ್ಬಿಣದ ಜಾಲರಿಯುಳ್ಳ ಮಳೆನೀರಿನ ತೊಟ್ಟಿ ಒಂದು ಎಂದು ಬರೆದು, ಮುಂದಿನ ಸಾಲಿಗೆ ಹೋದನು.